ಹಳೆ ಎಸ್‌ಯುವಿಯ ಸೀಟ್ ಬೆಲ್ಟ್ ಸುತ್ತಿಕೊಳ್ಳುತ್ತಿಲ್ವಾ? ರಿಟ್ರಾಕ್ಟರ್ ಬದಲಿಸುವ ಮುಂಚೆ ಇಷ್ಟು ನೋಡಿ

ನನ್ನ ಹಳೆ ಎಸ್‌ಯುವಿಯಲ್ಲಿ ಡ್ರೈವರ್ ಬಾಗಿಲಿನ ಕೆಳಗೆ, ಹೊಸ್ತಿಲ ಪಟ್ಟಿಯ ಮೇಲೆ, ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಪೇಂಟ್ ಎದ್ದುಹೋಗಿತ್ತು. ಕಲ್ಲು ಬಡಿದಿರಬೇಕು ಅಂದುಕೊಂಡು ಬಿಟ್ಟಿದ್ದೆ. ಒಂದು ದಿನ ಬಾಗಿಲು ಹಾಕಿದಾಗ ಟಕ್ ಅಂತ ಸದ್ದು ಬಂತು. ತೆಗೆದು ನೋಡಿದರೆ ಸೀಟ್ ಬೆಲ್ಟಿನ ಲೋಹದ ನಾಲಿಗೆ ಬಾಗಿಲಿಗೂ ಹೊಸ್ತಿಲಿಗೂ ನಡುವೆ ಸಿಕ್ಕಿಕೊಂಡಿತ್ತು. ಬಿಚ್ಚಿದ ಬೆಲ್ಟ್ ತಾನಾಗಿ ಒಳಗೆ ಹೋಗುತ್ತಿರಲಿಲ್ಲ, ಅರ್ಧಕ್ಕೆ ನಿಂತು ಸೀಟಿನ ಪಕ್ಕ ಜೋತುಬೀಳುತ್ತಿತ್ತು, ನಾನು ಗಮನಿಸದೆ ದಿನಾ ಅದರ ಮೇಲೇ ಬಾಗಿಲು ಹಾಕುತ್ತಿದ್ದೆ. ಬೆಲ್ಟಿನ ಪಟ್ಟಿಯ ಅಂಚು ಒಂದು ಗೇಣಿನಷ್ಟು ಉದ್ದ ಎಳೆ ಬಿಟ್ಟು ಹತ್ತಿಯ ಹಾಗೆ ಎದ್ದಿತ್ತು.

ಗ್ಯಾರೇಜಿನಲ್ಲಿ ತೋರಿಸಿದಾಗ ಮುಟ್ಟಿಯೂ ನೋಡದೆ "ರಿಟ್ರಾಕ್ಟರ್ ಹೋಗಿದೆ" ಅಂದರು, ಅಂದರೆ ಬೆಲ್ಟನ್ನು ಒಳಗೆ ಸುತ್ತಿಕೊಳ್ಳುವ ಸ್ಪ್ರಿಂಗ್ ರೀಲು ಕೆಟ್ಟಿದೆ ಅಂತ. ಹೋಗಿರಲಿಲ್ಲ. ಸ್ಪ್ರಿಂಗ್ ಚೆನ್ನಾಗೇ ಇತ್ತು. ಭುಜದ ಹತ್ತಿರ ಪಟ್ಟಿ ತೂರಿ ಬರುವ ಬಳೆಯಲ್ಲಿ ವರ್ಷಗಳ ಜಿಡ್ಡು ಕೂತು ಪಟ್ಟಿಯನ್ನು ಹಿಡಿದುಕೊಂಡಿತ್ತು, ಅಷ್ಟೇ. ಆದರೆ ಅಷ್ಟರಲ್ಲಿ ಬಾಗಿಲು ಪಟ್ಟಿಯನ್ನು ಕಡಿದು ಹಾಕಿದ್ದರಿಂದ ಕೊನೆಗೂ ಇಡೀ ಸೆಟ್ಟನ್ನೇ ಬದಲಿಸಬೇಕಾಯಿತು. ಆರು ತಿಂಗಳು ಮುಂಚೆ ಒಂದು ಗಂಟೆ ಕೂತು ತೊಳೆದಿದ್ದರೆ ಮುಗಿದುಹೋಗುತ್ತಿತ್ತು. ಅದಕ್ಕೇ ಇದನ್ನು ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಬೆಲ್ಟ್ ನಿಧಾನವಾಗಿ ಸುತ್ತಿಕೊಂಡರೆ ಏನಾಯಿತು, ಕೈಯಲ್ಲೇ ಒಳಗೆ ತಳ್ಳಿದರಾಯಿತು ಅಂತ ತುಂಬಾ ಜನ ಬಿಟ್ಟುಬಿಡುತ್ತಾರೆ. ಸಮಸ್ಯೆ ಬಿಚ್ಚಿದಾಗಿನದ್ದಲ್ಲ, ಹಾಕಿಕೊಂಡಾಗಿನದ್ದು. ಸುತ್ತಿಕೊಳ್ಳದ ಬೆಲ್ಟ್ ಎದೆಯ ಮೇಲೂ ಸಡಿಲವಾಗೇ ಇರುತ್ತದೆ. ಗಾಡಿ ಗುದ್ದಿದ ಕ್ಷಣದಲ್ಲಿ ಆ ಸಡಿಲ ಮುಗಿಯುವ ತನಕ ನಿಮ್ಮ ಮೈಯನ್ನು ಯಾವುದೂ ಹಿಡಿಯುವುದಿಲ್ಲ. ಅಷ್ಟರಲ್ಲಿ ಎದೆ ಸ್ಟೀರಿಂಗಿಗೆ ಅಷ್ಟು ಹತ್ತಿರ ಹೋಗಿರುತ್ತದೆ.

ಒಳಗೆ ಏನಿದೆ

ಮೂರು ಕಡೆ ಹಿಡಿಯುವ ಬೆಲ್ಟನ್ನು ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದ್ದು, ಅದು ಕಾರುಗಳಲ್ಲಿ ಬಂದದ್ದು 1959ರಲ್ಲಿ. ತಾನಾಗಿ ಸುತ್ತಿಕೊಳ್ಳುವ ರಿಟ್ರಾಕ್ಟರ್ ಸಾಮಾನ್ಯವಾದದ್ದು ಆಮೇಲೆ. ಅದಕ್ಕೆ ಎರಡು ಕೆಲಸ. ಸುಮ್ಮನಿದ್ದಾಗ ಪಟ್ಟಿಯನ್ನು ಮೆತ್ತಗೆ ಒಳಗೆ ಎಳೆದುಕೊಳ್ಳಬೇಕು, ಅಪಾಯದಲ್ಲಿ ಗಟ್ಟಿಯಾಗಿ ಹಿಡಿದು ನಿಲ್ಲಬೇಕು.

ಒಳಗೆ ಎಳೆಯುವುದು ಒಂದು ಚಪ್ಪಟೆ ಸುರುಳಿ ಸ್ಪ್ರಿಂಗ್, ಹಳೆ ಕೀಲಿ ಗಡಿಯಾರದಲ್ಲಿ ಇರುತ್ತಿತ್ತಲ್ಲ, ಅಂಥದ್ದು. ಪಟ್ಟಿ ಸುತ್ತಿರುವ ರೀಲಿನ ಒಂದು ಪಕ್ಕದಲ್ಲಿ ಪ್ಲಾಸ್ಟಿಕ್ ಮುಚ್ಚಳದೊಳಗೆ ಕೂತಿರುತ್ತದೆ. ಅದರ ಬಲ ತುಂಬಾ ಕಡಿಮೆ. ಜಾಸ್ತಿ ಇದ್ದರೆ ದಿನವಿಡೀ ಎದೆ ಒತ್ತುತ್ತದೆ, ಯಾರೂ ಬೆಲ್ಟ್ ಹಾಕುವುದಿಲ್ಲ. ಇಷ್ಟು ಕಡಿಮೆ ಬಲ ಇರುವುದರಿಂದಲೇ ದಾರಿಯಲ್ಲಿ ಸ್ವಲ್ಪ ಜಿಡ್ಡು ಸಿಕ್ಕಿದರೂ ಅದು ಸೋಲುತ್ತದೆ. ಇದೊಂದು ಮಾತು ನೆನಪಿಟ್ಟುಕೊಳ್ಳಿ, ಮುಂದಿನ ಅರ್ಧ ಕೆಲಸ ಇದರ ಮೇಲೇ ನಿಂತಿದೆ.

ಲಾಕ್ ಮಾಡುವುದಕ್ಕೆ ಸಾಮಾನ್ಯವಾಗಿ ಎರಡು ಬೇರೆ ಬೇರೆ ವ್ಯವಸ್ಥೆ ಇರುತ್ತವೆ. ಒಂದು ಗಾಡಿಯ ಚಲನೆಯನ್ನು ನೋಡುವುದು. ಸಣ್ಣ ಬಟ್ಟಲಿನಂಥ ಗುಳಿಯಲ್ಲಿ ಒಂದು ಲೋಹದ ಗುಂಡು ಇರುತ್ತದೆ, ಕೆಲವು ಹಳೆ ಗಾಡಿಗಳಲ್ಲಿ ಗುಂಡಿನ ಬದಲು ಪುಟ್ಟ ಲೋಲಕ. ಜೋರಾಗಿ ಬ್ರೇಕ್ ಹಾಕಿದಾಗ ಗುಂಡು ಬಟ್ಟಲಿನ ಅಂಚಿಗೆ ಹತ್ತುತ್ತದೆ, ಮೇಲಿರುವ ಕೊಂಡಿಯನ್ನು ಎತ್ತುತ್ತದೆ, ಕೊಂಡಿ ಹಲ್ಲುಚಕ್ರಕ್ಕೆ ಸಿಕ್ಕಿ ರೀಲು ನಿಲ್ಲುತ್ತದೆ. ಇನ್ನೊಂದು ಪಟ್ಟಿಯ ವೇಗವನ್ನು ನೋಡುವುದು. ಪಟ್ಟಿಯನ್ನು ಥಟ್ಟನೆ ಜಗ್ಗಿದರೆ ಲಾಕ್ ಆಗುವುದು ಇದರಿಂದ.

ಇದಕ್ಕೆಲ್ಲ ಲೆಕ್ಕ ಇದೆ. ವಿಶ್ವಸಂಸ್ಥೆಯ 16ನೇ ನಿಯಮದ ಪ್ರಕಾರ ಸಾಮಾನ್ಯ ಕಾರಿನ ರಿಟ್ರಾಕ್ಟರ್, ಗಾಡಿಯ ವೇಗ 0.45 ಜಿ (1 ಜಿ ಅಂದರೆ ಕೈಬಿಟ್ಟ ವಸ್ತು ಬೀಳುವಾಗ ವೇಗ ಏರುವ ಪ್ರಮಾಣ) ಪ್ರಮಾಣದಲ್ಲಿ ಇಳಿಯುವಷ್ಟರಲ್ಲಿ ಲಾಕ್ ಆಗಿರಬೇಕು. ಪಟ್ಟಿಯನ್ನು 0.8 ಜಿಗಿಂತ ಮೆತ್ತಗೆ ಎಳೆದರೆ ಲಾಕ್ ಆಗಬಾರದು. ಕೂರಿಸಿದ ಸ್ಥಿತಿಯಿಂದ 12 ಡಿಗ್ರಿ ತನಕ ವಾಲಿದರೂ ಲಾಕ್ ಆಗಬಾರದು, 27 ಡಿಗ್ರಿ ದಾಟಿದರೆ ಆಗಲೇಬೇಕು. ನಡುವಿನದ್ದು ಗಾಡಿಯಿಂದ ಗಾಡಿಗೆ ಬೇರೆ. ಅಮೆರಿಕದ ನಿಯಮದಲ್ಲಿ ಅಂಕಿಗಳು ಸ್ವಲ್ಪ ಬೇರೆ, ಅಲ್ಲಿ 0.7 ಜಿ, ವಾಲುವುದಕ್ಕೆ 15 ಡಿಗ್ರಿ. ಲೆಕ್ಕ ಯಾವುದಾದರೂ ಇರಲಿ, ಗಾಡಿ ಇಳಿಜಾರಿನಲ್ಲಿ ನಿಂತಿದ್ದರೆ ಬೆಲ್ಟ್ ಬರದೇ ಇರಬಹುದು, ಅದು ಕೆಟ್ಟಿದ್ದಲ್ಲ.

ಎಸ್‌ಯುವಿಗಳಲ್ಲಿ ಈ ತೊಂದರೆ ಜಾಸ್ತಿ ಕಾಣುವುದಕ್ಕೆ ಕಾರಣ ಅವುಗಳನ್ನು ಬಳಸುವ ರೀತಿ. ಮಣ್ಣಿನ ದಾರಿಯ ನುಣ್ಣನೆ ಧೂಳು, ನೀರು ದಾಟುವಾಗ ಒಳಗೆ ಬರುವ ತೇವ, ಹಿಂದಿನ ಸೀಟು ಮಡಚಿ ಸಾಮಾನು ತುಂಬುವಾಗ ಬೆಲ್ಟಿನ ಮೇಲೆ ಬೀಳುವ ಉಜ್ಜಾಟ, ವರ್ಷದಲ್ಲಿ ನಾಲ್ಕು ಸಲ ಮಾತ್ರ ಎಳೆಯುವ ಮೂರನೇ ಸಾಲಿನ ಬೆಲ್ಟ್. ಅದೂ ಅಲ್ಲದೆ ಮುಂದಿನ ಸೀಟಿನ ರಿಟ್ರಾಕ್ಟರ್ ಎರಡು ಬಾಗಿಲ ನಡುವಿನ ಕಂಬದ ಬುಡದಲ್ಲಿ, ಹೊಸ್ತಿಲಿಗೆ ಹತ್ತಿರವೇ ಇರುತ್ತದೆ. ಕಾಲಿನಿಂದ ಬಂದ ಮಣ್ಣೆಲ್ಲ ಅಲ್ಲಿಗೇ.

ಮೊದಲು ನಿಮ್ಮ ತೊಂದರೆ ಯಾವುದು ಅಂತ ಗುರುತಿಸಿ

ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಇದು ಮುಖ್ಯ. ಬೆಲ್ಟನ್ನು ನಿಧಾನವಾಗಿ ಪೂರ್ತಿ ಎಳೆದು, ಬಿಟ್ಟು, ಮತ್ತೆ ಎಳೆದು ನೋಡಿ. ಒಳಗೆ ಹೋಗುತ್ತಿಲ್ವಾ, ಹೊರಗೆ ಬರುತ್ತಿಲ್ವಾ, ಅಥವಾ ಜಗ್ಗಿದರೂ ಲಾಕ್ ಆಗುತ್ತಿಲ್ವಾ? ಮೊದಲ ಎರಡಕ್ಕೆ ಹೆಚ್ಚಿನ ಸಲ ಮನೆಯಲ್ಲೇ ಪರಿಹಾರ ಸಿಗುತ್ತದೆ. ಮೂರನೆಯದಕ್ಕೆ ಇಲ್ಲ.

ಒಳಗೆ ಹೋಗದ ಬೆಲ್ಟ್

ಸ್ಪ್ರಿಂಗ್ ಸೋತಿದೆಯೋ ದಾರಿಯಲ್ಲಿ ಏನಾದರೂ ಹಿಡಿಯುತ್ತಿದೆಯೋ ಅಂತ ತಿಳಿಯುವುದಕ್ಕೆ ಒಂದು ಸುಲಭ ಪರೀಕ್ಷೆ ಇದೆ. ಬೆಲ್ಟನ್ನು ಒಂದು ಮೀಟರಿನಷ್ಟು ಎಳೆದುಕೊಳ್ಳಿ. ಪಟ್ಟಿ ಕಂಬದ ಕೆಳಗಿನ ಸೀಳಿನಿಂದ ಹೊರಬಂದು, ಮೇಲೆ ಹೋಗಿ, ಭುಜದ ಹತ್ತಿರದ ಬಳೆಯೊಳಗಿಂದ ತಿರುಗಿ ಕೆಳಗೆ ಬರುತ್ತದೆ. ಸೀಳಿಗೂ ಬಳೆಗೂ ನಡುವಿನ ಭಾಗವನ್ನು ಕೈಯಲ್ಲಿ ಹಿಡಿಯಿರಿ. ಬಳೆಯ ಆಚೆಯಿಂದ ಸ್ವಲ್ಪ ಪಟ್ಟಿಯನ್ನು ಕೈಯಿಂದಲೇ ಈಚೆಗೆ ತಳ್ಳಿ, ಈ ಭಾಗ ಜೋಲುವ ಹಾಗೆ ಮಾಡಿ. ಈಗ ಬಿಡಿ. ರಿಟ್ರಾಕ್ಟರ್ ಆ ಜೋಲನ್ನು ಚಟ್ಟನೆ ಎಳೆದುಕೊಂಡರೆ ಸ್ಪ್ರಿಂಗ್ ಸರಿಯಾಗಿದೆ, ತಪ್ಪು ಮೇಲಿನ ಬಳೆಯದ್ದು. ಇಲ್ಲೂ ಸೋಮಾರಿಯಾಗಿ ಹೋದರೆ, ಅಥವಾ ಹೋಗದೇ ಇದ್ದರೆ, ತೊಂದರೆ ಕೆಳಗಿದೆ.

ಬಳೆಯದ್ದೇ ಆಗಿರುವ ಸಾಧ್ಯತೆ ಜಾಸ್ತಿ. ನಂಬಿಕೆ ಬರದಿದ್ದರೆ ಒಂದು ಬಿಳಿ ಬಟ್ಟೆಯ ತುಂಡನ್ನು ಸ್ವಲ್ಪ ಒದ್ದೆ ಮಾಡಿ, ಪಟ್ಟಿಯ ಪಕ್ಕದಿಂದ ಬಳೆಯ ಒಳಮೈಗೆ ತೂರಿಸಿ ಒಂದು ಸಲ ಉಜ್ಜಿ ತೆಗೆಯಿರಿ. ನನಗೆ ಸಿಕ್ಕಿದ್ದು ಕಂದು ಬಣ್ಣದ, ಮೇಣದ ಹಾಗೆ ಬೆರಳಿಗೆ ಅಂಟುವ ಪದರ. ಉಗುರಿನಲ್ಲಿ ಕೆರೆದರೆ ಸುರುಳಿ ಸುರುಳಿಯಾಗಿ ಏಳುತ್ತಿತ್ತು. ಬೆವರು, ಧೂಳು, ಕತ್ತಿಗೆ ಹಚ್ಚಿಕೊಂಡ ಕ್ರೀಮು, ತಲೆಗೆ ಹಾಕಿದ ಎಣ್ಣೆ, ಎಲ್ಲ ಪಟ್ಟಿಗೆ ತಾಗಿ, ಪಟ್ಟಿಯಿಂದ ಬಳೆಗೆ ಸೇರಿ, ದಿನಾ ಉಜ್ಜಿ ಉಜ್ಜಿ ಗಟ್ಟಿಯಾಗಿರುತ್ತದೆ. ಮೇಲಿನಿಂದ ನೋಡಿದರೆ ಏನೂ ಕಾಣುವುದಿಲ್ಲ, ಏಕೆಂದರೆ ಪಟ್ಟಿ ಅದನ್ನು ಮುಚ್ಚಿಕೊಂಡೇ ಇರುತ್ತದೆ.

ತೊಳೆಯುವ ಕ್ರಮ ಹೀಗೆ. ಬೆಲ್ಟನ್ನು ಪೂರ್ತಿ ಹೊರಗೆ ಎಳೆಯಿರಿ, ಇನ್ನು ಬರುವುದಿಲ್ಲ ಅನ್ನುವ ತನಕ. ಕೆಳಗಿನ ಸೀಳಿನ ಹತ್ತಿರ ಪಟ್ಟಿಗೆ ಒಂದು ದೊಡ್ಡ ಕ್ಲಿಪ್ ಹಾಕಿ, ಆಗ ಅದು ಒಳಗೆ ಓಡುವುದಿಲ್ಲ. ಕ್ಲಿಪ್ಪಿನ ಹಲ್ಲು ಪಟ್ಟಿಯನ್ನು ಕಚ್ಚದ ಹಾಗೆ ನಡುವೆ ಬಟ್ಟೆ ಇಡಿ. ಸೀಟಿನ ಮೇಲೆ ಹಳೆ ಟವಲ್ ಹಾಸಿ. ಒಂದು ಬಟ್ಟಲು ಉಗುರುಬೆಚ್ಚಗಿನ ನೀರಿಗೆ ನಾಲ್ಕೈದು ಹನಿ ಪಾತ್ರೆ ತೊಳೆಯುವ ಮೆದು ಸೋಪು ಸಾಕು. ಮೆತ್ತನೆ ಬ್ರಷ್ಷಿನಲ್ಲಿ ಪಟ್ಟಿಯ ಉದ್ದಕ್ಕೆ ಉಜ್ಜಿ, ಅಡ್ಡಕ್ಕೆ ಬೇಡ, ಅಡ್ಡ ಉಜ್ಜಿದರೆ ಎಳೆ ಏಳುತ್ತದೆ. ಎರಡೂ ಮುಖ ಉಜ್ಜಿ. ಆಮೇಲೆ ಬರೀ ನೀರಲ್ಲಿ ಅದ್ದಿದ ಬಟ್ಟೆಯಿಂದ ಸೋಪು ಹೋಗುವ ತನಕ ಒರೆಸಿ. ಸೋಪು ಉಳಿದರೆ ಅದೇ ಮತ್ತೆ ಅಂಟಾಗುತ್ತದೆ.

ಬಳೆಗೆ ಸ್ವಲ್ಪ ಹೆಚ್ಚು ಶ್ರಮ ಬೇಕು. ಪಟ್ಟಿ ಸಡಿಲವಾಗಿರುವಾಗಲೇ ಅದನ್ನು ಒಂದು ಪಕ್ಕಕ್ಕೆ ಒತ್ತರಿಸಿ, ಹಳೆ ಟೂತ್‌ಬ್ರಷ್ಷಿನಲ್ಲಿ ಸೋಪುನೀರು ಹಾಕಿ ಒಳಮೈ ಉಜ್ಜಿ. ಬಟ್ಟೆಯ ಉದ್ದನೆ ಪಟ್ಟಿ ಹರಿದು ಬಳೆಯೊಳಗೆ ತೂರಿಸಿ, ಎರಡು ತುದಿ ಹಿಡಿದು ಮಜ್ಜಿಗೆ ಕಡೆಯುವ ಹಾಗೆ ಆಚೆ ಈಚೆ ಎಳೆದರೆ ಮೂಲೆಗಳೂ ಸ್ವಚ್ಛವಾಗುತ್ತವೆ. ಇನ್ನೂ ಜಿಡ್ಡು ಬಿಡದಿದ್ದರೆ ಆ ಬಟ್ಟೆಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿಕೊಳ್ಳಿ, ಬಳೆಗೆ ಮಾತ್ರ, ಪಟ್ಟಿಗೆ ತಾಗಿಸಬೇಡಿ. ಬೆರಳಿಟ್ಟು ಸವರಿ ನೋಡಿ. ಒಳಮೈ ಗಾಜಿನ ಹಾಗೆ ನುಣುಪಾಗಿರಬೇಕು. ಗೀರೋ, ಕೊರಕಲೋ ಸಿಕ್ಕಿದರೆ ಬಳೆ ಸವೆದಿದೆ ಅಂತ ಅರ್ಥ, ಅದು ಪಟ್ಟಿಯನ್ನೂ ಕಡಿಯುತ್ತದೆ, ಬದಲಿಸಬೇಕು.

ಇನ್ನು ಒಣಗಿಸುವುದು. ಇಲ್ಲೇ ಜನ ಅವಸರ ಮಾಡುವುದು. ಕ್ಲಿಪ್ ತೆಗೆಯದೆ ರಾತ್ರಿಯಿಡೀ ಹಾಗೇ ಬಿಡಿ, ಕಿಟಕಿ ಸ್ವಲ್ಪ ತೆಗೆದಿರಲಿ. ಒದ್ದೆ ಪಟ್ಟಿ ಒಳಗೆ ಸುತ್ತಿಕೊಂಡರೆ ಬೂಸ್ಟು ಬರುತ್ತದೆ, ರಿಟ್ರಾಕ್ಟರಿನ ಲೋಹಕ್ಕೆ ತುಕ್ಕು ಹಿಡಿಯುತ್ತದೆ. ಹೇರ್ ಡ್ರೈಯರ್ ಬಿಸಿ ಬೇಡ. ಪಟ್ಟಿ ಪಾಲಿಯೆಸ್ಟರ್ ನೂಲು, ಬಿಸಿಗೆ ಬಲ ಕಳೆದುಕೊಳ್ಳಬಹುದು.

ಬ್ಲೀಚ್, ಬಣ್ಣ, ಪೆಟ್ರೋಲು, ಸೀಮೆಎಣ್ಣೆ ಯಾವುದನ್ನೂ ಪಟ್ಟಿಗೆ ಹಾಕಬೇಡಿ. ಕಣ್ಣಿಗೆ ಚೆನ್ನಾಗೇ ಕಾಣುತ್ತದೆ, ಆದರೆ ನೂಲು ಒಳಗಿಂದ ದುರ್ಬಲವಾಗಿರುತ್ತದೆ. ಡಬ್ಲ್ಯುಡಿ-40 ಅಥವಾ ಯಾವುದೇ ಎಣ್ಣೆಯನ್ನು ಸೀಳಿನೊಳಗೆ ಹೊಡೆಯುವ ಅಭ್ಯಾಸವನ್ನಂತೂ ನಿಲ್ಲಿಸಿಬಿಡಿ. ಎರಡು ದಿನ ಬೆಲ್ಟ್ ಜಾರುತ್ತದೆ, ಖುಷಿಯಾಗುತ್ತದೆ. ಆಮೇಲೆ ಆ ಎಣ್ಣೆಗೆ ಧೂಳು ಅಂಟಿ ಗುಂಡಿನ ಬಟ್ಟಲಿನಲ್ಲಿ ಕೆಸರಾಗುತ್ತದೆ. ಗುಂಡು ಉರುಳದಿದ್ದರೆ ಬ್ರೇಕ್ ಹಾಕಿದಾಗ ಲಾಕ್ ಆಗುವುದಿಲ್ಲ. ಬೆಲ್ಟ್ ನಿಧಾನ ಅಂತ ಶುರು ಮಾಡಿದ ರಿಪೇರಿ ಬೆಲ್ಟನ್ನೇ ಕೊಂದುಹಾಕಿದಂತೆ ಆಗುತ್ತದೆ.

ತೊಳೆಯುವಾಗಲೇ ಪಟ್ಟಿ ಎಲ್ಲಾದರೂ ತಿರುಚಿದೆಯಾ ನೋಡಿ. ಬಳೆಯೊಳಗೆ ಪಟ್ಟಿ ಮಗುಚಿಕೊಂಡು ಹಗ್ಗದ ಹಾಗೆ ಗುಂಪಾಗಿದ್ದರೆ ಎಷ್ಟು ತೊಳೆದರೂ ಪ್ರಯೋಜನ ಇಲ್ಲ. ಬಿಡಿಸುವುದಕ್ಕೆ ಬಳೆ ಬಿಚ್ಚಬೇಕಾಗಿಲ್ಲ. ತಿರುಚಿದ ಜಾಗವನ್ನು ಬಳೆಯಿಂದ ಒಂದು ಗೇಣು ಕೆಳಗೆ ತನ್ನಿ, ಪಟ್ಟಿಯನ್ನು ಮೂಲೆಯಿಂದ ಓರೆಯಾಗಿ ಮಡಚಿ, ಆ ಮಡಿಕೆಯನ್ನು ಬೆರಳಿನಲ್ಲಿ ಚಪ್ಪಟೆ ಒತ್ತಿ ಹಿಡಿದು ಬಳೆಯೊಳಗೆ ದಾಟಿಸಿ. ಆಚೆ ಬಂದ ಮೇಲೆ ಬಿಚ್ಚಿಕೊಳ್ಳುತ್ತದೆ. ಮೊದಲ ಸಲ ಬೆರಳು ನೋಯುತ್ತದೆ, ತಾಳ್ಮೆ ಇರಲಿ.

ಹಿಂದಿನ ಸಾಲುಗಳಲ್ಲಿ ಪಟ್ಟಿ ಹೊರಬರುವ ಪ್ಲಾಸ್ಟಿಕ್ ಟ್ರಿಮ್ಮಿನ (ಗಾಡಿಯ ಒಳಗೋಡೆಯ ಹೊದಿಕೆ) ಸೀಳನ್ನೂ ನೋಡಿ. ಸಾಮಾನು ತಾಗಿ ಟ್ರಿಮ್ ಸ್ವಲ್ಪ ಒಳಗೆ ಒತ್ತಿದ್ದರೆ ಸೀಳು ಕಿರಿದಾಗಿ ಪಟ್ಟಿಯನ್ನು ಹಿಡಿಯುತ್ತದೆ. ಕ್ಲಿಪ್ಪು ಮುರಿದ ಟ್ರಿಮ್ಮನ್ನು ಸರಿಯಾಗಿ ಕೂರಿಸಿದರೆ ಸಾಕು, ಕೆಲಸ ಮುಗಿಯಿತು.

ಹೊರಗೆ ಬರದ ಬೆಲ್ಟ್

ಎಳೆದರೆ ಕಲ್ಲಿನ ಹಾಗೆ ನಿಲ್ಲುತ್ತದಾ? ಮೊದಲು ಗಾಡಿ ಎಲ್ಲಿ ನಿಂತಿದೆ ನೋಡಿ, ಇಳಿಜಾರಾದರೆ ಸಮತಟ್ಟಿಗೆ ತನ್ನಿ.

ಕೆಲವು ಸಲ ಬೆಲ್ಟ್ ಪೂರ್ತಿ ಒಳಗೆ ಹೋಗಿ, ಅಲ್ಲೇ ಲಾಕ್ ಆಗಿ ಕೂತುಬಿಡುತ್ತದೆ. ಲಾಕ್ ಬಿಡಬೇಕಾದರೆ ರೀಲು ಕೂದಲೆಳೆಯಷ್ಟಾದರೂ ಹಿಂದಕ್ಕೆ ಸುತ್ತಬೇಕು, ಆದರೆ ಸುತ್ತುವುದಕ್ಕೆ ಪಟ್ಟಿಯೇ ಉಳಿದಿಲ್ಲ. ಆಗ ಬಲಪ್ರಯೋಗ ಅಲ್ಲ, ಒಂದು ಉಪಾಯ ಬೇಕು. ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಒಂದೇ ಸಮನೆ ಗಟ್ಟಿಯಾಗಿ ಎಳೆದು ಹಿಡಿಯಿರಿ. ಜರ್ಕ್ ಕೊಡಬೇಡಿ. ಲಾಕ್ ಆಗಿದ್ದರೂ ರೀಲಿನ ಮೇಲಿರುವ ಸುತ್ತುಗಳು ಒಂದಕ್ಕೊಂದು ಬಿಗಿಯಾಗಿ ಸ್ವಲ್ಪ ಪಟ್ಟಿ ಈಚೆ ಬರುತ್ತದೆ. ಈಗ ಥಟ್ಟನೆ ಬಿಟ್ಟುಬಿಡಿ. ಆ ಸ್ವಲ್ಪ ಪಟ್ಟಿ ಒಳಗೆ ಹೋಗುವಾಗ ರೀಲು ಹಿಂದಕ್ಕೆ ತಿರುಗಿ ಕೊಂಡಿ ಹಲ್ಲಿನಿಂದ ಬಿಡಿಸಿಕೊಳ್ಳುತ್ತದೆ. ಕೂಡಲೇ ತುಂಬಾ ನಿಧಾನವಾಗಿ ಎಳೆಯಿರಿ, ಸೂಜಿಗೆ ದಾರ ಪೋಣಿಸುವಷ್ಟು ನಿಧಾನ. ಒಂದೇ ಸಲಕ್ಕೆ ಆಗದಿದ್ದರೆ ಐದಾರು ಸಲ ಮಾಡಿ.

ಬೆಲ್ಟ್ ಒಳಗೆ ಹೋಗುವಾಗ ಕಟಕಟ ಸದ್ದು ಬರುತ್ತಿದೆಯಾ, ಒಳಗೆ ಹೋಗುತ್ತದೆ ಆದರೆ ಒಂದಿಂಚೂ ವಾಪಸ್ ಬರುವುದಿಲ್ವಾ? ಅದು ಮಕ್ಕಳ ಸೀಟನ್ನು ಬಿಗಿಯಾಗಿ ಕಟ್ಟುವುದಕ್ಕೆ ಇರುವ ಲಾಕ್. ತುಂಬಾ ಗಾಡಿಗಳಲ್ಲಿ, ಡ್ರೈವರ್ ಸೀಟು ಬಿಟ್ಟು ಉಳಿದ ಬೆಲ್ಟುಗಳಲ್ಲಿ ಇರುತ್ತದೆ. ಬೆಲ್ಟನ್ನು ಕೊನೆಯ ತನಕ ಎಳೆದರೆ ತಾನಾಗಿ ಶುರುವಾಗುತ್ತದೆ. ಪೂರ್ತಿ ಅಥವಾ ಬಹುಪಾಲು ಒಳಗೆ ಹೋಗಲು ಬಿಟ್ಟರೆ ತಾನಾಗಿ ಬಿಡುತ್ತದೆ. ತೊಳೆಯುವುದಕ್ಕೆ ಅಂತ ಪೂರ್ತಿ ಎಳೆದವರು ಇದನ್ನು ನೋಡಿ ಗಾಬರಿಯಾಗಬೇಡಿ.

ಮಡಚುವ ಹಿಂದಿನ ಸೀಟಿನಲ್ಲಿ, ಮುಖ್ಯವಾಗಿ ನಡುವಿನ ಬೆಲ್ಟಿಗೆ, ರಿಟ್ರಾಕ್ಟರ್ ಸೀಟಿನ ಬೆನ್ನಿನೊಳಗೇ ಇರಬಹುದು. ಕೆಲವು ಗಾಡಿಗಳಲ್ಲಿ ಬೆನ್ನು ಕೊಂಡಿಗೆ ಸರಿಯಾಗಿ ಕೂತಿರದಿದ್ದರೆ ಬೆಲ್ಟ್ ಬರಲೇಬಾರದು ಅಂತಲೇ ಮಾಡಿರುತ್ತಾರೆ. ಬೆನ್ನನ್ನು ಗಟ್ಟಿಯಾಗಿ ಹಿಂದಕ್ಕೆ ತಳ್ಳಿ, ಟಕ್ ಅಂದಮೇಲೆ ಮತ್ತೆ ಎಳೆದು ನೋಡಿ. ಕೊಂಡಿಯಲ್ಲಿ ಬೆಲ್ಟ್ ಅಥವಾ ಕಾರ್ಪೆಟ್ಟಿನ ಅಂಚು ಸಿಕ್ಕಿಕೊಂಡಿರುವುದೂ ಉಂಟು.

ಲಾಕ್ ಆಗದ ಬೆಲ್ಟ್

ಪಟ್ಟಿಯನ್ನು ಥಟ್ಟನೆ ಜಗ್ಗಿ ನೋಡಿ. ಹೆಚ್ಚಿನ ಗಾಡಿಗಳಲ್ಲಿ ತಕ್ಷಣ ನಿಲ್ಲಬೇಕು. ಆದರೆ ಕೆಲವು ಹಳೆ ಗಾಡಿಗಳ ರಿಟ್ರಾಕ್ಟರಿನಲ್ಲಿ ಪಟ್ಟಿಯ ವೇಗ ನೋಡುವ ವ್ಯವಸ್ಥೆಯೇ ಇಲ್ಲ, ಗುಂಡೋ ಲೋಲಕವೋ ಮಾತ್ರ. ಅಂಥ ಬೆಲ್ಟನ್ನು ಎಷ್ಟು ಜಗ್ಗಿದರೂ ಬರುತ್ತಲೇ ಇರುತ್ತದೆ. ಗಾಡಿಯ ಕೈಪಿಡಿಯಲ್ಲಿ ಬರೆದಿರುತ್ತದೆ, ನೋಡಿಕೊಳ್ಳಿ. ಹಾಗೇ, ಜಗ್ಗಿದಾಗ ಲಾಕ್ ಆಯಿತು ಅಂದಮಾತ್ರಕ್ಕೆ ಗುಂಡೂ ಕೆಲಸ ಮಾಡುತ್ತಿದೆ ಅಂತಲ್ಲ. ಅವೆರಡೂ ಬೇರೆ ಬೇರೆ, ನೆನಪಿದೆಯಲ್ವಾ? ಗುಂಡನ್ನು ಪರೀಕ್ಷಿಸುವುದಕ್ಕೆ ಬ್ರೇಕೇ ಹಾಕಬೇಕು.

ಜನ, ಗಾಡಿ ಯಾರೂ ಇಲ್ಲದ ಸಮತಟ್ಟು ಜಾಗಕ್ಕೆ ಹೋಗಿ. ಒಣ ನೆಲ ಇರಲಿ. ಬೆಲ್ಟ್ ಹಾಕಿಕೊಂಡು ಗಂಟೆಗೆ 15ರಿಂದ 20 ಕಿ.ಮೀ. ವೇಗದಲ್ಲಿ ಜೋರಾಗಿ ಬ್ರೇಕ್ ಒತ್ತಿ. ಭುಜದ ಬೆಲ್ಟ್ ಹಿಡಿದು ನಿಲ್ಲಿಸಿದ್ದು ಎದೆಗೆ ಗೊತ್ತಾಗಬೇಕು. ಪಕ್ಕದ ಸೀಟಿನ ಬೆಲ್ಟಿಗೆ ಯಾರಾದರೂ ದೊಡ್ಡವರು ಕೂತು ನೋಡಲಿ. ಮೆತ್ತಗೆ ಬ್ರೇಕ್ ಹಾಕಿದರೆ ಲಾಕ್ ಆಗುವುದಿಲ್ಲ, ಅದು ಸರಿಯೇ.

ಇದರಲ್ಲಿ ಬೆಲ್ಟ್ ಸೋತರೆ ಮುಂದೆ ರಿಪೇರಿ ಅನ್ನುವ ಮಾತೇ ಇಲ್ಲ. ಆ ಸೀಟಿನಲ್ಲಿ ಯಾರನ್ನೂ ಕೂರಿಸಬೇಡಿ, ಸೆಟ್ ಬದಲಿಸಿ. ಅಪಘಾತದಲ್ಲಿ ಯಾರೋ ಹಾಕಿಕೊಂಡಿದ್ದ ಬೆಲ್ಟಿಗೂ ಇದೇ ನಿಯಮ, ಅದು ಚೆನ್ನಾಗಿ ಸುತ್ತಿಕೊಂಡರೂ ಸರಿಯೇ. ಬೇರೆಯವರಿಂದ ಕೊಂಡ ಹಳೆ ಗಾಡಿಯಾದರೆ ಪಟ್ಟಿಯನ್ನು ಪೂರ್ತಿ ಎಳೆದು, ಬಳೆಗೆ ತಾಗುವ ಭಾಗದಲ್ಲಿ ಕರಗಿದ ಹಾಗೆ ಹೊಳೆಯುವ ಗುರುತು, ಅಲೆ ಅಲೆಯಾದ ನೇಯ್ಗೆ, ಬಿಟ್ಟ ಹೊಲಿಗೆ ಇದೆಯಾ ನೋಡಿ. ಇದ್ದರೆ ಅದು ಒಮ್ಮೆ ಒಬ್ಬರನ್ನು ಹಿಡಿದು ನಿಲ್ಲಿಸಿದ ಬೆಲ್ಟ್ ಇರಬಹುದು. ಅದರ ಕೆಲಸ ಮುಗಿದಿದೆ.

ಟ್ರಿಮ್ ತೆಗೆದು ನೋಡುವವರಿಗೆ

ಬಳೆ ತೊಳೆದ ಮೇಲೂ ಬೆಲ್ಟ್ ಸೋಮಾರಿಯಾಗೇ ಇದ್ದರೆ ಕೆಳಗಿನ ಟ್ರಿಮ್ ತೆಗೆದು ನೋಡಬಹುದು. ಅದಕ್ಕೂ ಮುಂಚೆ ಒಂದು ವಿಷಯ ಖಚಿತ ಮಾಡಿಕೊಳ್ಳಿ: ಈ ಬೆಲ್ಟಿಗೆ ಪ್ರಿಟೆನ್ಷನರ್ ಇದೆಯಾ? ಗುದ್ದಿದ ಕ್ಷಣದಲ್ಲಿ ಒಂದು ಸಣ್ಣ ಸಿಡಿಮದ್ದು ಹೊತ್ತಿ ಬೆಲ್ಟನ್ನು ಬಿಗಿ ಮಾಡುವ ವ್ಯವಸ್ಥೆ ಅದು. ರಿಟ್ರಾಕ್ಟರಿಗೆ ವೈರ್ ಬಂದಿದ್ದರೆ, ಅದರಲ್ಲೂ ಹಳದಿ ಕನೆಕ್ಟರ್ ಇದ್ದರೆ, ಇದೆ ಅಂತಲೇ ತಿಳಿಯಿರಿ. ಏರ್‌ಬ್ಯಾಗ್ ಇರುವ ಗಾಡಿಗಳ ಮುಂದಿನ ಸೀಟಿನಲ್ಲಿ ಸಾಮಾನ್ಯ. ಕೆಲವದರಲ್ಲಿ ಅದು ಬಕಲ್ ಕಡೆ ಇರುತ್ತದೆ.

ಪ್ರಿಟೆನ್ಷನರ್ ಇದ್ದರೆ ನನ್ನ ಸಲಹೆ, ಅನುಭವ ಇರುವವರಿಗೆ ಬಿಡಿ. ನೀವೇ ಮಾಡುವುದಾದರೆ ಕೀಲಿ ತೆಗೆದು, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಕಾಯಬೇಕು, ಕೆಲವದಕ್ಕೆ ಕೆಲವೇ ನಿಮಿಷ, ಕೆಲವದಕ್ಕೆ 10 ನಿಮಿಷ ಅಥವಾ ಇನ್ನೂ ಜಾಸ್ತಿ. ಆ ಕನೆಕ್ಟರಿಗೆ ಮಲ್ಟಿಮೀಟರ್ ಇಡಬೇಡಿ. ಮೀಟರಿನ ಚೂರು ಕರೆಂಟೂ ಮದ್ದನ್ನು ಹೊತ್ತಿಸುವ ಅಪಾಯ ಇದೆ. ಬಡಿಯಬೇಡಿ, ಕಾಯಿಸಬೇಡಿ.

ಟ್ರಿಮ್ ಬಿಚ್ಚಿದಾಗ ಮೊದಲು ಫೋನಿನಲ್ಲಿ ಫೋಟೋ ತೆಗೆಯಿರಿ. ಯಾವ ವಾಷರ್ ಯಾವುದರ ಕೆಳಗೆ, ಬೆಲ್ಟಿನ ತುದಿ ಯಾವ ಕಡೆ ಮುಖ ಮಾಡಿದೆ ಅನ್ನುವುದು ಆಮೇಲೆ ನೆನಪಿರುವುದಿಲ್ಲ. ಟಾರ್ಚ್ ಹಾಕಿ ನೋಡಿ. ನಾಣ್ಯ, ಪೆನ್ನಿನ ಮುಚ್ಚಳ, ಚಾಕೊಲೇಟಿನ ಕಾಗದ, ನಾಯಿಯ ಕೂದಲು, ಎಲ್ಲ ಸೀಳಿನಿಂದ ಬಿದ್ದು ರೀಲಿನ ಪಕ್ಕ ಸೇರಿರುತ್ತವೆ. ವ್ಯಾಕ್ಯೂಮ್ ಹಿಡಿದು ಎಳೆದು ತೆಗೆಯಿರಿ. ಜೋರು ಗಾಳಿ ಹೊಡೆದರೆ ಧೂಳು ಗುಂಡಿನ ಜಾಗಕ್ಕೇ ಹೋಗುತ್ತದೆ. ಪಟ್ಟಿ ರೀಲಿನ ಒಂದೇ ಪಕ್ಕಕ್ಕೆ ಒತ್ತಿಕೊಂಡು ಓರೆಯಾಗಿ ಸುತ್ತಿದ್ದರೆ, ಪೂರ್ತಿ ಹೊರಗೆ ಎಳೆದು, ನೇರವಾಗಿ ಹಿಡಿದುಕೊಂಡು ನಿಧಾನವಾಗಿ ಒಳಗೆ ಬಿಡಿ.

ಬೋಲ್ಟುಗಳು ತುಂಬಾ ಗಾಡಿಗಳಲ್ಲಿ ಟಾರ್ಕ್ಸ್ ಟಿ-50 (ನಕ್ಷತ್ರದ ಆಕಾರದ ಗುಳಿ) ಅಥವಾ 17 ಮಿ.ಮೀ. ತಲೆಯವು. ಹಳೆಯವು ಜಪ್ಪಯ್ಯ ಅಂದರೂ ಬಿಡುವುದಿಲ್ಲ, ಉದ್ದ ಹಿಡಿಕೆ ಬೇಕು, ಟೂಲಿನ ತುದಿಯನ್ನು ಪೂರ್ತಿ ಒಳಗೆ ಕೂರಿಸಿಯೇ ತಿರುಗಿಸಿ.

ರಿಟ್ರಾಕ್ಟರ್ ಕೈಗೆ ಬಂದಮೇಲೆ ಎಲ್ಲರೂ ಒಮ್ಮೆ ಗಾಬರಿಯಾಗುತ್ತಾರೆ, ಪಟ್ಟಿ ಬರುವುದೇ ಇಲ್ಲ! ಕಾರಣ ಅದೇ ಗುಂಡು. ಗಾಡಿಯಲ್ಲಿ ಕೂತಿದ್ದ ಕೋನಕ್ಕೇ ಸರಿಯಾಗಿ ಹಿಡಿದು ನೋಡಿ, ಸ್ವಲ್ಪ ಆಚೆ ಈಚೆ ಮಾಡಿದಾಗ ಒಂದು ಸ್ಥಿತಿಯಲ್ಲಿ ಸಲೀಸಾಗಿ ಬರುತ್ತದೆ. ಅಲ್ಲಿಂದ ನಿಧಾನವಾಗಿ ವಾಲಿಸಿ, ಮೆತ್ತಗೆ ಎಳೆಯುತ್ತಾ ಹೋಗಿ, ಒಂದು ಹಂತದಲ್ಲಿ ನಿಲ್ಲಬೇಕು. ನಾಲ್ಕೂ ದಿಕ್ಕಿಗೆ ಹೀಗೆ ಆದರೆ ಗುಂಡು ಜೀವಂತವಾಗಿದೆ. ಒಳಗೆ ಉರುಳುವ ಸಣ್ಣ ಸದ್ದೂ ಕೇಳುತ್ತದೆ.

ಇಲ್ಲಿಗೆ ನಿಲ್ಲಿಸಿ. ಪಕ್ಕದ ಪ್ಲಾಸ್ಟಿಕ್ ಮುಚ್ಚಳಗಳನ್ನು ಬಿಚ್ಚಬೇಡಿ. ಒಂದು ಕಡೆ ಬಿಗಿಯಾಗಿ ಸುತ್ತಿದ ಸ್ಪ್ರಿಂಗ್ ಇದೆ, ಹೊರಗೆ ಹಾರಿದರೆ ಕೈ ಕೊಯ್ಯುತ್ತದೆ, ಕಣ್ಣಿಗೂ ಅಪಾಯ, ವಾಪಸ್ ಸುತ್ತಿ ಅಷ್ಟೇ ಬಿಗಿಗೆ ಕೂರಿಸುವುದು ಮನೆಯ ಕೆಲಸ ಅಲ್ಲ. ಇನ್ನೊಂದು ಕಡೆ ಲಾಕಿನ ಭಾಗಗಳಿವೆ. ಅಲ್ಲಿ ಒಂದು ಕೊಂಡಿ ಸ್ವಲ್ಪ ತಪ್ಪಿ ಕೂತರೂ ನಿಮಗೆ ಗೊತ್ತಾಗುವುದು ಅಪಘಾತದ ದಿನವೇ. ಸ್ಪ್ರಿಂಗಿಗೆ ಇನ್ನೆರಡು ಸುತ್ತು ಕೊಟ್ಟು ಬಿಗಿ ಮಾಡಿಕೊಂಡೆವು ಅಂತ ಹೇಳುವವರು ಇದ್ದಾರೆ. ನಾನು ಮಾಡಿಲ್ಲ, ಯಾರಿಗೂ ಮಾಡಿ ಅನ್ನುವುದಿಲ್ಲ. ಒಳಗೆ ನೀರು ಹೋಗಿ ತುಕ್ಕು ಕಂಡರೂ ಅಷ್ಟೇ, ಬದಲಿಸಿ.

ಬದಲಿಸುವಾಗ

ಹೊಸದು ತರುವ ಮುಂಚೆ ಗಾಡಿಯ 17 ಅಕ್ಷರ-ಅಂಕಿಗಳ ಚಾಸಿ ನಂಬರನ್ನು ಕಂಪನಿಯ ರೀಕಾಲ್ ಪಟ್ಟಿಯಲ್ಲಿ (ದೋಷ ಸರಿಪಡಿಸಲು ಕಂಪನಿಯೇ ವಾಪಸ್ ಕರೆದ ಗಾಡಿಗಳ ಪಟ್ಟಿ) ಹಾಕಿ ನೋಡಿ. ಬೆಲ್ಟಿನ ರೀಕಾಲ್ ಬಾಕಿ ಇದ್ದರೆ ಖರ್ಚೇ ಇಲ್ಲದೆ ಆಗಿಬಿಡಬಹುದು. ಪಟ್ಟಿಯ ಕೆಳ ತುದಿಯಲ್ಲಿ ಹೊಲಿದ ಲೇಬಲ್ ಇರುತ್ತದೆ, ಪಾರ್ಟ್ ನಂಬರ್, ತಯಾರಾದ ದಿನಾಂಕ ಅದರಲ್ಲೇ ಸಿಗುತ್ತದೆ. ಎಡದ್ದು ಬಲಕ್ಕೆ ಆಗುವುದಿಲ್ಲ, ಎರಡನೇ ಸಾಲಿನದ್ದು ಮೂರನೇ ಸಾಲಿಗೆ ಆಗುವುದಿಲ್ಲ. ಬೋಲ್ಟ್ ರಂಧ್ರ ಕೂತರೂ ಗುಂಡಿನ ಕೋನ ಬೇರೆ ಇರುತ್ತದೆ, ಆಗ ಒಂದೋ ಸದಾ ಲಾಕ್, ಇಲ್ಲವೋ ಬೇಕಾದಾಗ ಲಾಕ್ ಇಲ್ಲ. ಗುಜರಿಯಲ್ಲಿ ಸಿಗುವ ಬೆಲ್ಟ್ ಯಾವ ಗಾಡಿಯದ್ದು, ಆ ಗಾಡಿ ಯಾಕೆ ಗುಜರಿಗೆ ಬಂತು ಅಂತ ನಿಮಗೆ ಗೊತ್ತಾಗುವುದಿಲ್ಲ. ಹಾಗಾಗಿ ನಾನು ಹೊಸದನ್ನೇ ಹಾಕಿಸಿದೆ.

ಕೂರಿಸುವಾಗ ರಿಟ್ರಾಕ್ಟರಿನ ಪುಟ್ಟ ಮೂಗು ಕಂಬದ ರಂಧ್ರಕ್ಕೆ ಮೊದಲು ಸೇರಬೇಕು, ಕೋನ ಸರಿಯಾಗಿ ನಿಲ್ಲುವುದು ಅದರಿಂದ. ಬೋಲ್ಟನ್ನು ಮೊದಲು ಕೈಯಲ್ಲೇ ನಾಲ್ಕು ಸುತ್ತು ಹತ್ತಿಸಿ. ತುಂಬಾ ಗಾಡಿಗಳಲ್ಲಿ ಇದು 7/16 ಇಂಚಿನ, ಇಂಚಿಗೆ 20 ಎಳೆ (ಥ್ರೆಡ್) ಇರುವ ಬೋಲ್ಟ್. ಡಬ್ಬದಲ್ಲಿ ಬಿದ್ದಿರುವ ಮಿಲಿಮೀಟರ್ ಬೋಲ್ಟನ್ನು ಹಾಕಿ ತುರುಕಿದರೆ ರಂಧ್ರದ ಒಳಗಿನ ಥ್ರೆಡ್ ಹಾಳಾಗುತ್ತದೆ. ಟಾರ್ಕ್ ರೆಂಚಿನಲ್ಲಿ (ಬಿಗಿಯನ್ನು ಅಳೆದು ತೋರಿಸುವ ಸ್ಪಾನರ್) ಕೈಪಿಡಿಯ ಅಳತೆಗೆ ಬಿಗಿ ಮಾಡಿ. ಬಳೆ ಸಲೀಸಾಗಿ ತೂಗಾಡಬೇಕು, ವಾಷರ್ ಅದಲು ಬದಲಾದರೆ ತೂಗಾಡುವುದಿಲ್ಲ. ಪಟ್ಟಿ ಎಲ್ಲೂ ತಿರುಚಿಲ್ಲ ಅಂತ ನೋಡಿಯೇ ಟ್ರಿಮ್ ಮುಚ್ಚಿ. ಬ್ಯಾಟರಿ ಕೊಟ್ಟ ಮೇಲೆ ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡಿನಲ್ಲಿ ಆರಬೇಕು, ಆರದಿದ್ದರೆ ಕನೆಕ್ಟರ್ ಸರಿಯಾಗಿ ಕೂತಿಲ್ಲ ಅಥವಾ ಬೇರೆ ದೋಷ ಇದೆ, ತೋರಿಸಿ. ಆಮೇಲೆ ಮತ್ತೆ ಅದೇ ಖಾಲಿ ಜಾಗಕ್ಕೆ ಹೋಗಿ ಬ್ರೇಕ್ ಪರೀಕ್ಷೆ ಮಾಡಿ.

ತೆಗೆದ ಹಳೆ ಬೆಲ್ಟನ್ನು ಹಾಗೇ ಎಸೆಯಬೇಡಿ. ಪ್ರಿಟೆನ್ಷನರ್ ಇರುವುದಾದರೆ ಕಸಕ್ಕೆ ಹಾಕುವಂತಿಲ್ಲ, ಮದ್ದು ಇನ್ನೂ ಒಳಗೇ ಇದೆ, ಸರ್ವಿಸ್ ಸೆಂಟರಿಗೆ ಕೊಡಿ. ಬರೀ ಸ್ಪ್ರಿಂಗಿನದಾದರೆ ಪಟ್ಟಿಯನ್ನು ಪೂರ್ತಿ ಎಳೆದು, ಕ್ಲಿಪ್ ಹಾಕಿ, ನಡುವೆ ಕತ್ತರಿಯಿಂದ ಕತ್ತರಿಸಿ. ನನ್ನದನ್ನು ಆ ಎಳೆ ಬಿಟ್ಟ ಅಂಚಿನಿಂದಲೇ ಕತ್ತರಿಸಿದೆ, ಇನ್ನು ಯಾರೂ ಅದನ್ನು ತೊಳೆದು ಬೇರೆ ಗಾಡಿಗೆ ಹಾಕಲಾರರು.